ರಾಮಚಂದ್ರರ ಕತ್ತಲೆ

ಎಸ್. ರಾಮಚಂದ್ರ ಛಾಯಾಗ್ರಹಣ ಮಾಡಿದ ಚಿತ್ರಗಳನ್ನು ನಾನು ಮತ್ತೆ ಮತ್ತೆ ನೋಡುವುದು ಅವುಗಳಲ್ಲಿರುವ ಕತ್ತಲೆಗಾಗಿ. ‘ಘಟಶ್ರಾದ್ಧ’ದ ಉಡುಪರ ಮನೆಯಲ್ಲಿ ಕತ್ತಲೆಯೂ ಮನೆಮಂದಿಯ ಜತೆ ವಾಸವಾಗಿದೆ. ಅಲ್ಲಿ ಮುಖಗಳಿಗೆ ಬೆಳಕು ಬಾಗಿಲಿಂದಲೋ ದೀಪದಿಂದಲೋ ಒಂದು ಕಡೆಯಿಂದ ಬರುತ್ತದೆ. ಇನ್ನೊಂದು ಕೆನ್ನೆಯನ್ನು ತೋರಿಸುವ ಆತುರ ರಾಮಚಂದ್ರರಿಗಿಲ್ಲ. ವಿಧವೆ ಯಮುನಕ್ಕನ ಮನಸ್ಸಿನಲ್ಲಿ ಏನಿದೆ ಎಂಬುದು ಪುಟ್ಟ ನಾಣಿಗೆ ಎಷ್ಟು ತಿಳಿಯುತ್ತದೋ ನಮಗೂ ಅಷ್ಟೇ ತಿಳಿಯಬೇಕು. ಉಳಿದದ್ದನ್ನು ಕತ್ತಲೆ ಇಟ್ಟುಕೊಳ್ಳುತ್ತದೆ.

ನಾವು ದೂಧಗಂಗೆಯ ದಂಡೆಯವರು. ನಮ್ಮೂರು ಸದಲಗಾದ ಬೆಳಕಿಗೆ ಮರೆ ಕಡಿಮೆ. ಕಬ್ಬು ಕಟಾವಾದ ಮೇಲೆ ಕರಿಮಣ್ಣಿನ ಹೊಲದಲ್ಲಿ ಕಣ್ಣು ಹಾಯುವಷ್ಟು ದೂರ ಬಿಸಿಲು ಬಿಟ್ಟರೆ ಬೇರೇನಿಲ್ಲ; ನೆರಳು ಬೇಕೆಂದರೆ ಬೇವಿನ ಮರ ಹುಡುಕಬೇಕು, ಇಲ್ಲವೇ ಪಡಸಾಲಿಗೆ ಬರಬೇಕು. ಇಂಥ ಬಯಲಿನ ಕಣ್ಣಿಗೆ ಎಲೆಗಳಲ್ಲಿ ಸೋಸಿ, ಮೋಡದಲ್ಲಿ ನೆನೆದು ಅಂಗಳಕ್ಕಿಳಿಯುವ ಮಲೆನಾಡಿನ ಬೆಳಕು ಪರದೇಶದ್ದು. ಅದನ್ನು ನೋಡುವ ರೂಢಿ ನನಗೆ ಬಂದದ್ದು ರಾಮಚಂದ್ರರ ಚಿತ್ರಗಳಿಂದ.

ಕನ್ನಡದ ಹೊಸ ಅಲೆಯ ಕೆಲವು ಮೊದಲ ಚಿತ್ರಗಳನ್ನು ಹೊರಗಿನವರ ಕಣ್ಣು ಕಂಡಿತ್ತು. ‘ಸಂಸ್ಕಾರ’ಕ್ಕೆ ಆಸ್ಟ್ರೇಲಿಯಾದ ಟಾಮ್ ಕೋವನ್, ‘ಕಾಡು’ ಚಿತ್ರಕ್ಕೆ ಗೋವಿಂದ ನಿಹಲಾನಿ, ಆಮೇಲೆ ‘ಒಂದಾನೊಂದು ಕಾಲದಲ್ಲಿ’ ಚಿತ್ರಕ್ಕೆ ಎ.ಕೆ. ಬೀರ್. ಮೂವರೂ ಸಮರ್ಥರೇ, ಅವರ ಕೆಲಸಕ್ಕೆ ನಾನು ತಲೆಬಾಗುತ್ತೇನೆ. ಆದರೆ ಮೂರು ದಶಕಕ್ಕೂ ಹೆಚ್ಚು ಕಾಲ ಇಲ್ಲೇ ನಿಂತು, ನಮ್ಮ ಅಂಗಳ ಗುಡಿಸಲುಗಳ ಬೆಳಕನ್ನು ತಮ್ಮದಾಗಿ ಮಾಡಿಕೊಂಡವರು ರಾಮಚಂದ್ರ.

1975ರ ‘ಚೋಮನ ದುಡಿ’ಯನ್ನೇ ನೋಡಿ. ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ, ಚೋಮನಾಗಿ ವಾಸುದೇವರಾವ್. ಚಿತ್ರಕ್ಕೆ ಸ್ವರ್ಣಕಮಲ ಬಂತು, ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಅದರಲ್ಲಿ ಛಾಯಾಗ್ರಾಹಕನ ಕಷ್ಟ ಎಂಥದಿತ್ತೆಂದು ಯೋಚಿಸಿದಷ್ಟೂ ಗೌರವ ಹೆಚ್ಚುತ್ತದೆ. ಕಪ್ಪುಬಿಳುಪಿನಲ್ಲಿ ಹಸಿರೆಲೆ, ಕೆಮ್ಮಣ್ಣು, ಬಿಸಿಲಿಗೆ ಬೆಂದ ಮೈ ಎಲ್ಲವೂ ಹೆಚ್ಚುಕಡಿಮೆ ಒಂದೇ ಬೂದುಬಣ್ಣಕ್ಕೆ ಬಂದುಬಿಡುತ್ತವೆ. ಚೋಮ ತನ್ನ ಗುಡಿಸಲಿನ ಗೋಡೆಗೆ ಅಂಟಿಹೋಗದಂತೆ ಬಿಡಿಸಿ ತೋರಿಸುವುದು ಬೆಳಕಿನಿಂದಲೇ ಆಗಬೇಕು. ಸ್ಟುಡಿಯೋದವರಿಗೆ ಇದಕ್ಕೊಂದು ಸುಲಭದ ದಾರಿ ಗೊತ್ತಿತ್ತು: ಹಿಂದಿನಿಂದ ಜೋರು ದೀಪ ಹಾಕಿ ತಲೆ, ಭುಜಗಳ ಅಂಚು ಮಿಂಚಿಸುವುದು. ಜೀತದಾಳಿನ ಗುಡಿಸಲಿನಲ್ಲಿ ಆ ಮಿಂಚು ಸುಳ್ಳಾಗುತ್ತದೆ. ಸತ್ಯಜಿತ್ ರಾಯರ ‘ಅಪರಾಜಿತೊ’ಗಾಗಿ ಸುಬ್ರತ ಮಿತ್ರ ಕಾಶಿಯ ಮನೆಯ ಸೆಟ್‌ನ ಮೇಲೆ ಬಿಳಿ ಬಟ್ಟೆ ಕಟ್ಟಿ, ದೀಪದ ಬೆಳಕನ್ನು ಅದಕ್ಕೆ ಹಾಯಿಸಿ, ತಿರುಗಿ ಬಂದ ಮೆತ್ತನೆ ಬೆಳಕಿನಲ್ಲಿ ಚಿತ್ರ ತೆಗೆದಿದ್ದರು. ನೆರಳು ಸುಳ್ಳಾಡಬಾರದೆಂಬ ಆ ಹಟವೇ ರಾಮಚಂದ್ರರದೂ. ಅವರ ಚೋಮನ ಮೈಮೇಲೆ ಬೀಳುವ ಬೆಳಕು ಬೆಂಕಿಯದ್ದಾದರೆ ಬೆಂಕಿಯದ್ದಾಗಿಯೇ ಇರುತ್ತದೆ. ಕೊನೆಗೆ ಬಾಗಿಲು ಹಾಕಿಕೊಂಡು ಚೋಮ ದುಡಿ ಬಡಿಯುವಾಗ ಕಿವಿಯಲ್ಲಿ ಎಷ್ಟು ಸದ್ದಿದೆಯೋ ಕಣ್ಣಿಗೆ ಅಷ್ಟೇ ಕಡಿಮೆ ಬೆಳಕು. ಅದಕ್ಕೇ ಆ ದುಡಿ ಎದೆಗೆ ತಾಗುತ್ತದೆ.

ಮರುವರ್ಷದ ‘ಋಷ್ಯಶೃಂಗ’ ನಮ್ಮ ಸೀಮೆಯ ಕೂಸು. ಅದರ ಮೂಲ ನಾಟಕ ಬರೆದ ಚಂದ್ರಶೇಖರ ಕಂಬಾರರ ಊರು ಘೋಡಗೇರಿ ಹುಕ್ಕೇರಿ ತಾಲೂಕಿನಲ್ಲಿದೆ, ಸದಲಗಾಕ್ಕೆ ದೂರವೇನಲ್ಲ. ಮಳೆಗಾಗಿ ಬಾಯಿಬಿಟ್ಟ ಊರಿನ ಕತೆ, ನಿರ್ದೇಶಕರು ವಿ.ಆರ್.ಕೆ. ಪ್ರಸಾದ್. ಕಪ್ಪುಬಿಳುಪು ವಿಭಾಗದ ಶ್ರೇಷ್ಠ ಛಾಯಾಗ್ರಹಣಕ್ಕೆ ರಾಮಚಂದ್ರರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಈ ಚಿತ್ರಕ್ಕೆ. ನಮ್ಮ ಕಡೆಯ ಮಾತು, ನಮ್ಮ ಕಡೆಯ ಬರ ಅವರಿಗೆ ಆ ಗೌರವ ತಂದಿತೆಂದು ನನಗೆ ಇವತ್ತಿಗೂ ಹೆಮ್ಮೆ.

1977ರಲ್ಲಿ ಬಂದ ‘ಘಟಶ್ರಾದ್ಧ’ ಗಿರೀಶ ಕಾಸರವಳ್ಳಿಯವರ ಮೊದಲ ಕಥಾಚಿತ್ರ. ಅದರ ರಾತ್ರಿಗಳನ್ನು ಎಷ್ಟು ಹೊತ್ತು ಬೇಕಾದರೂ ನೋಡಬಲ್ಲೆ. ಬಸಿರಾದ ಯಮುನಕ್ಕ ಹುತ್ತದ ಕಡೆ ನಡೆಯುತ್ತಾಳೆ, ಹುಡುಗ ಬೆನ್ನು ಹತ್ತುತ್ತಾನೆ. ಕಾಡಿನ ಕತ್ತಲೆಯಲ್ಲಿ ಅವರಿಬ್ಬರೂ ಎಷ್ಟು ಚಿಕ್ಕವರಾಗಿ ಕಾಣುತ್ತಾರೆಂದರೆ, ಅವರನ್ನು ಕಾಯುವುದು ಯಾರಿಂದಲೂ ಆಗದೆಂದು ಸಂಭಾಷಣೆಯಿಲ್ಲದೆಯೇ ಗೊತ್ತಾಗುತ್ತದೆ. ಮುಂದೆ ಪಂಜುಗಳ ಕುಣಿತ ಬರುತ್ತದೆ. ಇಡೀ ಚಿತ್ರದಲ್ಲಿ ಬೆಂಕಿ ಅಷ್ಟು ಧಾರಾಳವಾಗಿ ಉರಿಯುವುದು ಯಮುನಕ್ಕನ ಬಸಿರು ಕಳೆಯುವ ರಾತ್ರಿ. ಅಷ್ಟು ಹೊತ್ತು ಹಿಡಿದಿಟ್ಟ ಬೆಳಕನ್ನು ರಾಮಚಂದ್ರ ಆ ಒಂದು ಗಳಿಗೆಗೆ ಸುರಿದುಬಿಡುತ್ತಾರೆ, ನೋಡುವವರಿಗೆ ಉಸಿರು ಕಟ್ಟುತ್ತದೆ. ಆಮೇಲಿನ ಹಗಲು ಮಾತ್ರ ಸಪ್ಪಗೆ, ನಿರ್ದಯವಾಗಿದೆ: ತಲೆ ಬೋಳಿಸಿಕೊಂಡ ಯಮುನಕ್ಕನನ್ನು ಮುಚ್ಚಲು ಅಲ್ಲಿ ನೆರಳೂ ಸಾಲದು.

ಹೆಸರು ಒಂದೇ ಆಗಿ ಗೊಂದಲವಾಗುವುದುಂಟು. ಕಾಸರವಳ್ಳಿಯವರ ‘ತಾಯಿಸಾಹೇಬ’, ‘ದ್ವೀಪ’ಗಳ ಛಾಯಾಗ್ರಾಹಕರು ಎಚ್.ಎಂ. ರಾಮಚಂದ್ರ ಹಾಲ್ಕೆರೆ. ‘ದ್ವೀಪ’ಕ್ಕೆ ಅವರಿಗೂ ರಾಷ್ಟ್ರಪ್ರಶಸ್ತಿ ಬಂದಿದೆ, ಆ ಚಿತ್ರದ ಮಳೆನೀರಿನ ಬಗ್ಗೆಯೇ ಬೇರೆ ಬರೆಯಬೇಕು.

ನಮ್ಮ ರಾಮಚಂದ್ರರನ್ನು ದೇಶವೆಲ್ಲ ನೋಡಿದ್ದು ಹೆಸರು ತಿಳಿಯದೆಯೇ. ಶಂಕರನಾಗ್ ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಕಟ್ಟಿದಾಗ ಕ್ಯಾಮೆರಾ ಹಿಡಿದವರು ಅವರೇ. ದೂರದರ್ಶನದ ಚಿಕ್ಕ ಪರದೆಗಾಗಿ, ಅವಸರದ ಚಿತ್ರೀಕರಣದಲ್ಲಿಯೂ, ಬಾಲಕ ಸ್ವಾಮಿ ಓಡಾಡುವ ಜಗುಲಿ, ಕಂಬ, ಬೀದಿಗಳು ಸೆಟ್ಟಿನಂತೆ ಕಾಣದೆ ಹುಟ್ಟೂರಿನಂತೆ ಕಂಡವು. ಶಿವಮೊಗ್ಗ ಜಿಲ್ಲೆಯ ಒಂದು ಮಳೆಯೂರನ್ನು ಆರ್.ಕೆ. ನಾರಾಯಣರ ಊರೆಂದು ಭಾರತ ಒಪ್ಪಿಕೊಂಡದ್ದರಲ್ಲಿ ಆ ಬೆಳಕಿನ ಪಾಲು ದೊಡ್ಡದು.

2008ರ ‘ಗುಲಾಬಿ ಟಾಕೀಸ್’ ಹೊತ್ತಿಗೆ ಬಣ್ಣ ಬಂದಿದೆ, ಕತ್ತಲೆಯೂ ಬದಲಾಗಿದೆ. ಕರಾವಳಿಯ ಮೀನುಗಾರರ ಕೇರಿಯಲ್ಲಿ ಸೂಲಗಿತ್ತಿ ಗುಲಾಬಿಯ ಮನೆಗೆ ಟಿವಿ ಬರುತ್ತದೆ, ಹೆಂಗಸರು ಅದರ ಮುಂದೆ ಸೇರುತ್ತಾರೆ. ಮೂವತ್ತು ವರ್ಷದ ಹಿಂದೆ ಎಣ್ಣೆದೀಪದಿಂದ ಮುಖಗಳನ್ನು ಓದಿದ ಕಣ್ಣು ಇಲ್ಲಿ ಟಿವಿಯ ಎದುರು ಕೂತ ಮುಖಗಳನ್ನು ಓದುತ್ತದೆ. ದೀಪ ಮನೆಯದಾಗಿತ್ತು, ಈ ಬೆಳಕು ಕಾರ್ಗಿಲ್ ಯುದ್ಧವನ್ನೂ ನೆರೆಯವರ ನಡುವಿನ ಅನುಮಾನವನ್ನೂ ಹೊತ್ತು ಹೊರಗಿನಿಂದ ಬಂದದ್ದು. ಗುಲಾಬಿಯಾಗಿ ನಟಿಸಿದ ಉಮಾಶ್ರೀಯವರ ಮುಖದಲ್ಲಿ ಅರಳುವ ಸಂತೋಷಕ್ಕೂ ಗುಲಾಬಿಯ ಕೇಡಿಗೂ ಮೂಲ ಅದೇ ಪೆಟ್ಟಿಗೆ.

ರಾಮಚಂದ್ರ 2011ರ ಜನವರಿಯಲ್ಲಿ ತೀರಿಕೊಂಡರು. 2024ರಲ್ಲಿ ‘ಘಟಶ್ರಾದ್ಧ’ದ ಸಂಸ್ಕರಿಸಿದ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಮೊಬೈಲಿನಲ್ಲಿ ಸವೆದ ಪ್ರತಿಯನ್ನು ನೋಡಿದವರಿಗೆ ಅವರ ಕತ್ತಲೆ ಬರೀ ಮಸಿಯಾಗಿ ಕಂಡಿರುತ್ತದೆ. ಅದರೊಳಗಿನ ಬಾಗಿಲ ಚೌಕಟ್ಟು, ಕಂಬ, ಮುಖದ ಗೆರೆಗಳು ಕಾಣಬೇಕಾದರೆ ಒಳ್ಳೆಯ ಪ್ರತಿ, ದೊಡ್ಡ ಪರದೆ, ದೀಪ ಆರಿಸಿದ ಕೋಣೆ ಮೂರೂ ಬೇಕು. ‘ಚೋಮನ ದುಡಿ’ಗೂ ‘ಋಷ್ಯಶೃಂಗ’ಕ್ಕೂ ಅಂಥದೇ ಆರೈಕೆ ಸಿಗಲಿ. ‘ಋಷ್ಯಶೃಂಗ’ದ ಮೊದಲ ಆಟ ಘೋಡಗೇರಿಯಲ್ಲೋ ಚಿಕ್ಕೋಡಿಯಲ್ಲೋ ಆಗಬೇಕೆಂಬುದು ನನ್ನ ಬೇಡಿಕೆ, ಆ ಮಾತು ಹುಟ್ಟಿದ ಸೀಮೆಯ ಜನಕ್ಕೆ ಅದನ್ನು ನೋಡುವ ಹಕ್ಕಿದೆ.