ಕಾಂಕ್ರೀಟಿನೊಳಗಿನ ತಂಬೂರಿ

ವಾಶಿಯಿಂದ ಥಾಣೆ ಖಾಡಿ ದಾಟುವವರು ನೀರು ನೋಡುತ್ತಾರೆ, ಕಾಲಡಿಯ ಸೇತುವೆಯನ್ನಲ್ಲ. ಇಲ್ಲಿ 1973ರಲ್ಲಿ ತೆರೆದ ಮೊದಲ ರಸ್ತೆ ಸೇತುವೆಯ ಬಿಗಿದ ಉಕ್ಕಿನ ಕೇಬಲ್‌ಗಳಿಗೆ ಒಳಗೊಳಗೇ ತುಕ್ಕು ಹಿಡಿಯಿತು. 1997ರ ಹೊತ್ತಿಗೆ ಪಕ್ಕದಲ್ಲೇ ಇನ್ನೊಂದು ಸೇತುವೆ ಬಂತು. ಕಾಂಕ್ರೀಟಿನ ಕಾಯಿಲೆ ಹೊರಗೆ ಕಾಣುವಷ್ಟರಲ್ಲಿ ಒಳಗೆ ಬಲಿತಿರುತ್ತದೆ.

ಅದಕ್ಕೇ ಕಂಪಿಸುವ ತಂತಿಯ ಮಾಪಕವೆಂದರೆ ನನಗೆ ಅಚ್ಚುಮೆಚ್ಚು. ಗೇಣಿಗಿಂತ ಚಿಕ್ಕ ಕೊಳವೆ, ಒಳಗೊಂದು ಬಿಗಿದ ಉಕ್ಕಿನ ತಂತಿ. ಕಬ್ಬಿಣದ ಸರಳಿಗೆ ಇದನ್ನು ಕಟ್ಟಿ ಮೇಲೆ ಕಾಂಕ್ರೀಟ್ ಸುರಿಯುತ್ತಾರೆ. ಬೇಕೆಂದಾಗ ವಿದ್ಯುತ್ಕಾಂತದ ಸುರುಳಿಯೊಂದು ತಂತಿಯನ್ನು ಮೀಟುತ್ತದೆ. ಕಾಂಕ್ರೀಟ್ ಹಿಗ್ಗಿದ್ದರೆ ಸ್ವರ ಏರುತ್ತದೆ, ಕುಗ್ಗಿದ್ದರೆ ಇಳಿಯುತ್ತದೆ. ತಂಬೂರಿಗೆ ಶ್ರುತಿ ಕೂಡಿಸುವವರಿಗೆ ಗೊತ್ತಿರುವ ಲೆಕ್ಕವೇ ಇದು! ಕಂಪನದ ಎಣಿಕೆಯಾದ್ದರಿಂದ ಉದ್ದನೆಯ ಕೇಬಲ್‌ನಲ್ಲಿ ಸಾಗಿ ಬಂದರೂ ಕೆಡುವುದಿಲ್ಲ. ಜೊತೆಗೆ ಹೂಳುವ ಎಲೆಕ್ಟ್ರೋಡ್, ಸರಳಿನ ವೋಲ್ಟೇಜ್ ಅಳೆದು ತುಕ್ಕಿನ ಮುನ್ಸೂಚನೆ ಕೊಡುತ್ತದೆ. ಖಾಡಿಯ ಉಪ್ಪುಗಾಳಿಯ ಊರಿಗೆ ಇದಕ್ಕಿಂತ ಒಳ್ಳೆಯ ಕಾವಲುಗಾರನಿಲ್ಲ.

ಆದರೆ ಕಲ್ಯಾಣ, ಡೊಂಬಿವಲಿಯ ಹಳೆಯ ಕಟ್ಟಡಗಳಲ್ಲಿ ಇಂಥ ತಂತಿ ಎಲ್ಲಿಯದು? ಅಲ್ಲಿ ಉದುರುವ ಗಾರೆ, ಗೋಡೆಗಿಳಿದ ಕೆಂಗಲೆಗಳೇ ಮಾಪಕ. ಬಿರುಕಿಗೆ ಬಣ್ಣ ಬಳಿಯುವ ಮೊದಲು ಎಂಜಿನಿಯರಿಗೆ ತೋರಿಸಿ.