‘ಇತರ ಭಾಷೆ’ಯ ಕಪಾಟು: ರಂಗನಾಥನ್ ಸೂತ್ರಗಳ ಗಡಿನಾಡ ಓದು

ಎಸ್. ಆರ್. ರಂಗನಾಥನ್ ಅವರ ‘ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳು’ ಎಂಬ ಇಂಗ್ಲಿಷ್ ಕೃತಿಯನ್ನು ಮದರಾಸು ಗ್ರಂಥಾಲಯ ಸಂಘವು 1931ರಲ್ಲಿ ಪ್ರಕಟಿಸಿತು. ಪುಸ್ತಕದ ಬಳಕೆ, ಓದುಗನ ಹಕ್ಕು, ಪುಸ್ತಕಕ್ಕೆ ತಕ್ಕ ಓದುಗನ ಶೋಧ, ಓದುಗನ ಸಮಯದ ಉಳಿತಾಯ, ಗ್ರಂಥಾಲಯದ ಬೆಳವಣಿಗೆ ಈ ಐದನ್ನು ಕುರಿತ ಸೂತ್ರಗಳ ಮೇಲೆಯೇ ಭಾರತದ ಗ್ರಂಥಪಾಲಕ ವೃತ್ತಿ ತನ್ನ ನೀತಿಯನ್ನು ಕಟ್ಟಿಕೊಂಡಿದೆ. ಸೂತ್ರಗಳನ್ನು ಉದ್ಧರಿಸುವವರು ಬಹಳ. ಅವುಗಳ ‘ಓದುಗ’ ಯಾರು, ಅವನ ಭಾಷೆ ಯಾವುದು ಎಂದು ಕೇಳಿದವರು ವಿರಳ. ಗಡಿಯಾಚೆಯ ಕನ್ನಡ ಓದುಗನ ನೆಲೆಯಲ್ಲಿ ನಿಂತು ಓದಿದಾಗ ಕೃತಿಯ ಶಕ್ತಿಯೂ ಅದರ ಮೌನವೂ ಒಟ್ಟಿಗೇ ಗೋಚರಿಸುತ್ತವೆ.

ಎರಡನೆಯ ಸೂತ್ರದ ವಿವರಣೆಯೇ ಕೃತಿಯ ಹೃದಯಭಾಗ. ಉಳ್ಳವರು ಮತ್ತು ಜನಸಾಮಾನ್ಯರು, ಗಂಡಸರು ಮತ್ತು ಹೆಂಗಸರು, ನಗರದವರು ಮತ್ತು ಹಳ್ಳಿಯವರು, ವಯಸ್ಕರು ಮತ್ತು ಮಕ್ಕಳು ಹೀಗೆ ಸಮಾಜವನ್ನು ಜೋಡಿಜೋಡಿಯಾಗಿ ಮುಂದಿಟ್ಟು, ಪುಸ್ತಕದಿಂದ ದೂರವುಳಿದ ಪಕ್ಷದ ಪರವಾಗಿ ರಂಗನಾಥನ್ ವಾದಿಸುತ್ತಾರೆ. ಈ ಸಾಲಿನಲ್ಲಿ ರಾಜ್ಯಭಾಷಿಕರು ಮತ್ತು ಅನ್ಯಭಾಷಿಕರು ಎಂಬ ಜೋಡಿ ಇಲ್ಲ. ಇದನ್ನು ಲೇಖಕರ ಅಲಕ್ಷ್ಯವೆನ್ನುವುದು ಅವಸರದ ತೀರ್ಪಾದೀತು. ಅಂದಿನ ಮದರಾಸು ಪ್ರಾಂತದಲ್ಲಿ ತಮಿಳು, ತೆಲುಗು, ಮಲಯಾಳ, ಕನ್ನಡ, ತುಳು ಒಂದೇ ಆಡಳಿತದ ಕೆಳಗಿದ್ದವು. ರಾಜ್ಯಕ್ಕೊಂದು ಭಾಷೆ ಎಂಬ ವ್ಯವಸ್ಥೆ ಬಂದ ಮೇಲೆಯೇ ‘ಭಾಷಾ ಅಲ್ಪಸಂಖ್ಯಾತ ಓದುಗ’ ಇಂದಿನ ಅರ್ಥದಲ್ಲಿ ಹುಟ್ಟಿದ್ದು.

ಆ ಹುಟ್ಟಿನ ಗುರುತು ಗ್ರಂಥಾಲಯ ಶಾಸನಗಳಲ್ಲಿದೆ. ರಂಗನಾಥನ್ ಅವರ ದೀರ್ಘ ಪ್ರಯತ್ನದ ಫಲವಾದ 1948ರ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಾಗ ಕಾಸರಗೋಡು, ನೀಲಗಿರಿ, ಹೊಸೂರು, ತಾಳವಾಡಿ, ಆದವಾನಿ, ರಾಯದುರ್ಗ, ಮಡಕಶಿರ ಎಲ್ಲವೂ ಆ ಪ್ರಾಂತದೊಳಗೇ ಇದ್ದವು. 1953ರಲ್ಲಿ ಆಂಧ್ರ ರಾಜ್ಯವೂ 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯೂ ಆದವು. ಬಳಿಕ ಆಂಧ್ರಪ್ರದೇಶ 1960ರಲ್ಲಿ, ಅಂದಿನ ಮೈಸೂರು 1965ರಲ್ಲಿ, ಮಹಾರಾಷ್ಟ್ರ 1967ರಲ್ಲಿ, ಕೇರಳ 1989ರಲ್ಲಿ ತಮ್ಮ ತಮ್ಮ ಕಾಯ್ದೆಗಳನ್ನು ಮಾಡಿಕೊಂಡವು. ತಮಿಳುನಾಡು, ಆಂಧ್ರ, ಕೇರಳಗಳಲ್ಲಿ ಗ್ರಂಥಾಲಯ ಕರವಿದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಮಹಾರಾಷ್ಟ್ರದಲ್ಲಿ ಕರದ ಬದಲು ದರ್ಜೆವಾರು ಅನುದಾನವಿದೆ. ಕರವು ತೆರುವವನ ಭಾಷೆಯನ್ನು ಕೇಳುವುದಿಲ್ಲ. ಅದರಿಂದ ಕೊಳ್ಳುವ ಪುಸ್ತಕಕ್ಕೆ ಮಾತ್ರ ಭಾಷೆ ಇರುತ್ತದೆ.

ಕೊಳ್ಳುವ ಹಂತಕ್ಕಿಂತ ಸೂಕ್ಷ್ಮವಾದದ್ದು ವರ್ಗೀಕರಣದ ಹಂತ. ಡ್ಯೂಯಿ ದಶಮಾಂಶ ಪದ್ಧತಿಯ ಸಾಹಿತ್ಯವರ್ಗದಲ್ಲಿ 810ರಿಂದ 880ರವರೆಗಿನ ವಿಭಾಗಗಳು ಅಮೆರಿಕ ಮತ್ತು ಯುರೋಪಿನ ಕೆಲವೇ ಸಾಹಿತ್ಯಗಳಿಗೆ ಮೀಸಲು. ಉಳಿದ ಜಗತ್ತೆಲ್ಲ 890ರ ‘ಇತರ’ದಲ್ಲಿ. ಅಲ್ಲಿ ಕನ್ನಡ ಸಾಹಿತ್ಯದ ವಿಳಾಸ 894.814, ತುರ್ಕಿ, ಹಂಗೇರಿ, ಫಿನ್ನಿಷ್ ಸಾಹಿತ್ಯಗಳೂ ಅದೇ 894ರ ನೆರೆಯವು. ರಂಗನಾಥನ್ ಅವರ ಕೋಲನ್ ವರ್ಗೀಕರಣ ಇದಕ್ಕಿಂತ ಉದಾರ. ಪ್ರತಿ ಗ್ರಂಥಾಲಯವೂ ತನ್ನ ಅಭಿಮತ ಭಾಷೆಯನ್ನು ಆರಿಸಿಕೊಳ್ಳಬಹುದು. ಆ ಭಾಷೆಯ ಪುಸ್ತಕದ ಗ್ರಂಥಸಂಖ್ಯೆಯಲ್ಲಿ ಭಾಷಾಚಿಹ್ನೆ ಬರೆಯಬೇಕಾಗಿಲ್ಲ. ಆದರೆ ಈ ಔದಾರ್ಯ ಒಂದೇ ಭಾಷೆಗೆ ಸಲ್ಲುತ್ತದೆ. ಕನ್ನಡವನ್ನು ಅಭಿಮತವಾಗಿಸಿಕೊಂಡ ಬೆಂಗಳೂರಿನ ಗ್ರಂಥಾಲಯದಲ್ಲಿ ಗೋವಿಂದ ಪೈಗಳ ಕೃತಿ ಚಿಹ್ನೆಯಿಲ್ಲದೆ ಸಹಜವಾಗಿ ನಿಲ್ಲುತ್ತದೆ. ಮಲಯಾಳವನ್ನು ಆರಿಸಿಕೊಂಡ ಗ್ರಂಥಾಲಯದಲ್ಲಿ, ಅದು ಪೈಗಳು ಬಾಳಿ ಬರೆದ ಮಂಜೇಶ್ವರದಲ್ಲೇ ಇದ್ದರೂ, ಅದೇ ಕೃತಿ ಅನ್ಯತೆಯ ಚಿಹ್ನೆ ಹೊರಬೇಕಾಗುತ್ತದೆ. ಅಲ್ಪಸಂಖ್ಯಾತತೆ ಜನಗಣತಿಯಲ್ಲಿ ಮಾತ್ರವಲ್ಲದೆ ಪುಸ್ತಕದ ಬೆನ್ನಿನ ಮೇಲೂ ಬರೆಯಲ್ಪಡುತ್ತದೆ.

ಈ ಇಕ್ಕಟ್ಟಿಗೆ ಉತ್ತರವೂ ಪಂಚಸೂತ್ರಗಳಲ್ಲೇ ಇದೆ, ಹೆಚ್ಚು ಉದ್ಧೃತವಾಗುವ ಎರಡನೆಯದರಲ್ಲಿ ಅಲ್ಲ, ಮೂರನೆಯದರಲ್ಲಿ. ಎರಡನೆಯದು ಓದುಗನ ಕಡೆಯಿಂದ ಹೊರಟರೆ ಮೂರನೆಯದು ಪುಸ್ತಕದ ಕಡೆಯಿಂದ ಹೊರಟು, ಅದಕ್ಕೆ ಓದುಗನನ್ನು ಹುಡುಕುವ ಹೊಣೆಯನ್ನು ಗ್ರಂಥಪಾಲಕನ ಮೇಲೆ ಹೊರಿಸುತ್ತದೆ. ಗ್ರಂಥಸೂಚಿಯಲ್ಲಿ ಕನ್ನಡ ಲಿಪಿಯೇ ಇಲ್ಲದಿದ್ದರೆ ಓದುಗ ಕೇಳುವುದಿಲ್ಲ; ಕೇಳದಿದ್ದರೆ ಎರವಲು ದಾಖಲೆ ಖಾಲಿ; ಖಾಲಿ ದಾಖಲೆಯೇ ‘ಕನ್ನಡಕ್ಕೆ ಓದುಗರಿಲ್ಲ’ ಎಂಬುದಕ್ಕೆ ಸಾಕ್ಷಿ. ಬಳಕೆಯಿಲ್ಲದ ಪುಸ್ತಕಗಳನ್ನು ತೆಗೆದುಹಾಕುವ ದಿನ ಮೊದಲು ಹೊರಹೋಗುವುದು ಆ ಕಪಾಟು. ಮೂರನೆಯ ಸೂತ್ರವನ್ನು ಪಾಲಿಸಿದರೆ ಲಾಭ ಕನ್ನಡಿಗರಿಗಷ್ಟೇ ಅಲ್ಲ. ಕುಂಬಳೆಯ ಪಾರ್ತಿಸುಬ್ಬನ ಯಕ್ಷಗಾನ ಪ್ರಸಂಗಗಳಿಗೂ ಕೇರಳದ ರಾಮನಾಟ್ಟಕ್ಕೂ ಇರುವ ನಂಟು ವಿದ್ವಾಂಸರ ಹಳೆಯ ಚರ್ಚಾವಿಷಯ. ಪಾರ್ತಿಸುಬ್ಬನ ಕುರಿತ ಕನ್ನಡ ಗ್ರಂಥಕ್ಕೆ ಕಥಕಳಿಯ ವಿಷಯಶೀರ್ಷಿಕೆಯಡಿ ಮಲಯಾಳದಲ್ಲೂ ಒಂದು ಅಡ್ಡಸೂಚನೆ ಇದ್ದರೆ, ಆ ಗ್ರಂಥದ ಅತ್ಯಂತ ಯೋಗ್ಯ ಓದುಗ ಮಲಯಾಳಿ ಸಂಶೋಧಕನೇ ಆಗಬಹುದು. ‘ಇತರ ಭಾಷೆ’ಯ ಕಪಾಟು ಅವನನ್ನೂ ತಡೆಯುತ್ತದೆ.

ಗಣಕೀಕರಣ ಇದನ್ನು ತಾನಾಗಿ ಪರಿಹರಿಸುತ್ತದೆ ಎಂಬ ನಂಬಿಕೆ ಪ್ರಬಲವಾಗಿದೆ. ಅನುಭವ ಬೇರೆಯದನ್ನೇ ಹೇಳುತ್ತದೆ. ಭಾರತದ ಡಿಜಿಟಲ್ ಗ್ರಂಥಾಲಯ ಯೋಜನೆಯಲ್ಲಿ ಸ್ಕ್ಯಾನ್ ಆದ ಅಸಂಖ್ಯ ಕನ್ನಡ ಪುಸ್ತಕಗಳ ಶೀರ್ಷಿಕೆಗಳು ರೋಮನ್ ಲಿಪಿಯಲ್ಲಿ, ಒಂದಕ್ಕೊಂದು ಹೊಂದದ ಕಾಗುಣಿತದಲ್ಲಿ ದಾಖಲಾದವು. ಪುಸ್ತಕ ಉಳಿಯಿತು, ದಾರಿ ಉಳಿಯಲಿಲ್ಲ. ಉಪಕರಣಗಳ ಕೊರತೆ ಇದಕ್ಕೆ ನೆಪವಾಗದು. ಯುನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದೆ. ಮಾರ್ಕ್ 21 ದಾಖಲೆಯ 880ನೆಯ ಕ್ಷೇತ್ರ ಇನ್ನೊಂದು ಲಿಪಿಯ ರೂಪವನ್ನು ಜೊತೆಗಿಡಲೆಂದೇ ಇರುವುದು. ಮುಕ್ತ ತಂತ್ರಾಂಶವಾದ ಕೋಹಾಕ್ಕೆ ಪರವಾನಗಿ ಶುಲ್ಕವಿಲ್ಲ. ಆ ಕ್ಷೇತ್ರವನ್ನು ತುಂಬುವ ಕೈ ಎರಡು ಭಾಷೆ ಬಲ್ಲದ್ದಾಗಿರಬೇಕು, ಅಷ್ಟೇ.

ಅಲ್ಪ ಗೌರವಧನದಲ್ಲಿ ನಡೆಯುವ ಹಳ್ಳಿಯ ಗ್ರಂಥಪಾಲಕನಿಂದ ಇಷ್ಟನ್ನು ನಿರೀಕ್ಷಿಸುವುದು ನ್ಯಾಯವೇ ಎಂಬ ಆಕ್ಷೇಪ ಸಮಂಜಸವಾದುದು. ಆದರೆ ಗ್ರಂಥಸೂಚಿಯ ದಾಖಲೆ ಒಮ್ಮೆ ಸಿದ್ಧವಾದರೆ ನೂರು ಗ್ರಂಥಾಲಯಗಳಿಗೆ ಸಲ್ಲುತ್ತದೆ. ಕಾಸರಗೋಡಿನ ಸರ್ಕಾರಿ ಕಾಲೇಜಿನಂತಹ, ಕನ್ನಡದ ಉನ್ನತ ಅಧ್ಯಯನವಿರುವ ಗಡಿನಾಡ ಸಂಸ್ಥೆಗಳು ಅದನ್ನು ಸಿದ್ಧಪಡಿಸಬಲ್ಲವು. ಗ್ರಂಥಾಲಯ ವಿಜ್ಞಾನದ ಪಠ್ಯಕ್ರಮ ದ್ವಿಭಾಷಾ ಸೂಚೀಕರಣವನ್ನು ಒಂದು ಪತ್ರಿಕೆಯಾಗಿ ಕಲಿಸಬಲ್ಲದು. ಯಂತ್ರಗಳ ಮುಂದೆ ಗ್ರಂಥಪಾಲಕನಿಗೆ ಕೆಲಸವೇನು ಉಳಿದೀತು ಎಂದು ಆ ವೃತ್ತಿ ಇಂದು ಆತಂಕಪಡುತ್ತಿದೆ. ಮಾಡದೆ ಬಿಟ್ಟ ಕೆಲಸವೊಂದು ಗಡಿನಾಡಿನ ಕಪಾಟುಗಳಲ್ಲಿ ಅದಕ್ಕಾಗಿ ಕಾದಿದೆ.