ಕಥೆ ನಿಂತ ಹೊತ್ತು

ಕಳೆದ ತಿಂಗಳು ಅಕ್ಕನ ಮಗಳು ರಜೆಗೆ ಬಂದಿದ್ದಳು. ರಾತ್ರಿ ಊಟವಾದ ಮೇಲೆ ದಿನಕ್ಕೊಂದು ಸಿನಿಮಾ ಎಂದು ಗೊತ್ತುಮಾಡಿಕೊಂಡೆವು. ಯಾವ ಕ್ರಮವೂ ಇರಲಿಲ್ಲ. ಒಂದು ದಿನ ‘ಕಾಂತಾರ’, ಮರುದಿನ ‘ಘಟಶ್ರಾದ್ಧ’, ಅದರಾಚೆಗೆ ಜಪಾನಿನ ‘ಟೋಕಿಯೋ ಸ್ಟೋರಿ’. ಈ ಕೊನೆಯದು ಅರ್ಧ ಗಂಟೆ ನಡೆದಿತ್ತೋ ಇಲ್ಲವೋ, ಅವಳು ಕೇಳಿದಳು: “ಚಿಕ್ಕಮ್ಮ, ಇದರಲ್ಲಿ ಇನ್ನೂ ಏನೂ ಆಗೇ ಇಲ್ವಲ್ಲ?”

ಸಿನಿಮಾ ನೋಡಲು ಹೊಸದಾಗಿ ಮನಸ್ಸು ಮಾಡಿದ ಎಲ್ಲರೂ ಒಂದಲ್ಲ ಒಂದು ರಾತ್ರಿ ಈ ಪ್ರಶ್ನೆ ಕೇಳುತ್ತಾರೆ. ನಾನು ಕೊಡುವ ಉತ್ತರ ಇಷ್ಟೇ: ಕಥೆ ಮುಂದಕ್ಕೆ ಹೋಗದ ಹೊತ್ತಿನಲ್ಲಿ ಪರದೆಯ ಮೇಲೆ ಏನಿದೆ ಎಂದು ನೋಡು. ಕಥೆಯನ್ನು ಯಾರಾದರೂ ನಾಲ್ಕು ಮಾತಿನಲ್ಲಿ ಹೇಳಿಬಿಡಬಹುದು. ಆ ಹೊತ್ತನ್ನು ಮಾತ್ರ ನೀವೇ ಕೂತು ನೋಡಬೇಕು.

ಇದು ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. 1974ರ ‘ಭೂತಯ್ಯನ ಮಗ ಅಯ್ಯು’ ನೋಡಿದ ನಮ್ಮ ಹಿರಿಯರನ್ನು ಕೇಳಿ. ಎರಡು ಮನೆಗಳ ಹಗೆ ಹೇಗೆ ಬೆಳೆಯಿತು ಎಂಬುದು ಅವರಿಗೆ ಮಸುಕಾಗಿರಬಹುದು. ನಟ ಲೋಕನಾಥ್ ಉಪ್ಪಿನಕಾಯಿ ಚಪ್ಪರಿಸಿದ್ದು ಮಾತ್ರ ಇವತ್ತಿಗೂ ಬಾಯಲ್ಲಿ ನೀರೂರಿಸುತ್ತದೆ. ನಿರ್ದೇಶಕ ಸಿದ್ದಲಿಂಗಯ್ಯನವರು ಅಲ್ಲಿ ಕಥೆಯನ್ನು ಒಂದು ಗಳಿಗೆ ನಿಲ್ಲಿಸಿ, ಮನುಷ್ಯನ ನಾಲಿಗೆಯ ಆಸೆಯನ್ನು ಪೂರ್ತಿ ನೋಡಲು ನಮಗೆ ಬಿಡುವು ಕೊಟ್ಟರು.

‘ಟೋಕಿಯೋ ಸ್ಟೋರಿ’ಯಲ್ಲಿ ಇಂಥ ಬಿಡುವು ಹೆಜ್ಜೆಹೆಜ್ಜೆಗೂ ಇದೆ. 1953ರಲ್ಲಿ ಯಸುಜಿರೊ ಒಜು ಮಾಡಿದ ಚಿತ್ರ. ಒನೊಮಿಚಿ ಎಂಬ ಕಡಲತಡಿಯ ಊರಿನಿಂದ ವಯಸ್ಸಾದ ದಂಪತಿ ಮಕ್ಕಳನ್ನು ನೋಡಲು ಟೋಕಿಯೋಗೆ ಹೋಗುತ್ತಾರೆ. ಡಾಕ್ಟರ್ ಮಗನಿಗೂ ಬ್ಯೂಟಿ ಪಾರ್ಲರ್ ನಡೆಸುವ ಮಗಳಿಗೂ ಪುರುಸೊತ್ತಿಲ್ಲ. ತೀರಿಕೊಂಡ ಮಗನ ಹೆಂಡತಿ ನೊರಿಕೊ ಮಾತ್ರ ಕೆಲಸಕ್ಕೆ ರಜೆ ಹಾಕಿ ಅವರನ್ನು ಊರು ಸುತ್ತಿಸುತ್ತಾಳೆ. ಕಥೆ ಹೆಚ್ಚುಕಡಿಮೆ ಇಷ್ಟೆ. ನಮ್ಮ ಬೀದಿಯಲ್ಲೇ ನಾಲ್ಕು ಮನೆಗಳಲ್ಲಿ ನಡೆದಿದೆ.

ಈಗ ಕ್ಯಾಮೆರಾ ಎಲ್ಲಿದೆ ನೋಡಿ. ಚಾಪೆಯ ಮೇಲೆ ಕೂತವರ ಕಣ್ಣಿಗಿಂತಲೂ ತುಸು ಕೆಳಗೆ, ಅಲ್ಲಾಡದೆ ಇದೆ. ಬಂದವರು ಕೂರುತ್ತಾರೆ, ಮಾತಾಡುತ್ತಾರೆ, ಎದ್ದು ಹೋಗುತ್ತಾರೆ. ಕ್ಯಾಮೆರಾ ಅವರ ಹಿಂದೆ ಓಡುವುದಿಲ್ಲ. ಖಾಲಿ ಕೋಣೆ ಒಂದು ಕ್ಷಣ ನಮ್ಮೆದುರು ಉಳಿಯುತ್ತದೆ. ಮಕ್ಕಳು ಇಬ್ಬರನ್ನೂ ಅತಾಮಿ ಎಂಬ ವಿಹಾರದೂರಿಗೆ ಸಾಗಹಾಕಿದಾಗ, ರಾತ್ರಿಯಿಡೀ ಪಕ್ಕದ ಗದ್ದಲದಲ್ಲಿ ಅವರಿಗೆ ನಿದ್ದೆಯಿಲ್ಲ. ಬಾಗಿಲ ಹೊರಗೆ ಎರಡು ಜೊತೆ ಚಪ್ಪಲಿ ಜೋಡಿಸಿಟ್ಟಿವೆ, ಅಷ್ಟನ್ನೇ ಒಜು ತೋರಿಸುತ್ತಾರೆ. ಬೆಳಿಗ್ಗೆ ಕಡಲ ಗೋಡೆಯ ಮೇಲೆ ಕೂತವರು ಮನೆಗೆ ಹೊರಡೋಣ ಎಂದು ಏಳುವಾಗ ಅಜ್ಜಿಗೆ ಸ್ವಲ್ಪ ತಲೆ ಸುತ್ತುತ್ತದೆ. ಸಂಗೀತ ಅದನ್ನು ಒತ್ತಿ ಹೇಳುವುದಿಲ್ಲ, ಕ್ಯಾಮೆರಾ ಹತ್ತಿರಕ್ಕೆ ಹೋಗುವುದಿಲ್ಲ. ನೀವು ಆ ಗಳಿಗೆಯಲ್ಲಿ ಮೊಬೈಲ್ ನೋಡುತ್ತಿದ್ದರೆ ಸಾವು ಒಳಗೆ ಬಂದದ್ದೇ ನಿಮಗೆ ತಿಳಿಯಲಿಲ್ಲ. ಹಾಗಾಗಿ ಮೊಬೈಲನ್ನು ಪಕ್ಕದ ಕೋಣೆಯಲ್ಲಿಡಿ. ವೇಗ ಹೆಚ್ಚಿಸಿ ನೋಡುವ ಅಭ್ಯಾಸವಿದ್ದರೆ ದಯವಿಟ್ಟು ಬಿಡಿ.

ಕಣ್ಣಾಯಿತು, ಇನ್ನು ಕಿವಿ. ಮಂಡ್ಯ ಕಡೆಯ ನೊದೆಕೊಪ್ಪಲಿನಲ್ಲಿ ರಾಮ್ ರೆಡ್ಡಿ ತೆಗೆದ ‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಅಭಿನಯಿಸಿದವರು ಆ ಸೀಮೆಯ ಜನರೇ. ಸೆಂಚುರಿ ಗೌಡ ಸತ್ತಿದ್ದಾನೆ, ಹನ್ನೊಂದನೆಯ ದಿನ ತಿಥಿ. ಮಗ ಗಡ್ಡಪ್ಪ ಮಾತ್ರ ಯಾವುದಕ್ಕೂ ಸಿಗದೆ ನಡೆಯುತ್ತಲೇ ಇರುತ್ತಾನೆ. ಅವನ ನಡಿಗೆಯ ಮೇಲೆ ವಾದ್ಯ ಹರಿಸಿಲ್ಲ. ಅಲ್ಲಿ ಕೇಳುವುದು ಊರಿನ ಸದ್ದು: ಕುರಿ, ಗಾಳಿ, ದೂರದ ಮಾತು. ಹೀಗೆ ಕಿವಿ ಹದಗೊಂಡಿರುವುದರಿಂದಲೇ, ಕುರಿಗಾರರ ಬೆಂಕಿಯ ಮುಂದೆ ಕೂತು ಅವನು ತನ್ನ ಬಾಳಿನ ಕಥೆ ತೆಗೆದಾಗ ನಮ್ಮ ಉಸಿರು ಹಿಡಿದುಕೊಳ್ಳುತ್ತದೆ. ಅಷ್ಟು ಹೊತ್ತು ಬರೀ ನಗುತ್ತಿದ್ದ ನಮ್ಮ ಹುಡುಗಿ ಅಲ್ಲಿ ಮಾತು ನಿಲ್ಲಿಸಿದಳು.

‘ಘಟಶ್ರಾದ್ಧ’ಕ್ಕೆ ನಾನು ಅವಳಿಗೆ ಹೇಳಿದ್ದು ಒಂದೇ: ಇದನ್ನು ನಾಣಿಯ ಎತ್ತರದಿಂದ ನೋಡು. ಅನಂತಮೂರ್ತಿಯವರ ಕತೆಯನ್ನು ಇಟ್ಟುಕೊಂಡು ಗಿರೀಶ ಕಾಸರವಳ್ಳಿ 1977ರಲ್ಲಿ ಮಾಡಿದ ಮೊದಲ ಚಿತ್ರವಿದು, ಸ್ವರ್ಣಕಮಲ ಪಡೆದದ್ದು. ವೇದ ಕಲಿಯಲು ಬಂದ ಹುಡುಗ ನಾಣಿಗೆ ಗುರುಗಳ ವಿಧವೆ ಮಗಳು ಯಮುನಕ್ಕ ತಾಯಿಯಂತೆ. ಅವಳು ಬಸುರಿ. ದೊಡ್ಡವರು ಪಿಸುಗುಟ್ಟುವುದು ಅವನಿಗೆ ಅರ್ಧ ಕೇಳಿಸುತ್ತದೆ, ಕಾಲು ಭಾಗ ಅರ್ಥವಾಗುತ್ತದೆ. ನಮಗೆ ಪೂರ್ತಿ ಗೊತ್ತು, ಅವನಿಗೆ ಗೊತ್ತಿಲ್ಲ. ನಮ್ಮ ಸಂಕಟ ಇರುವುದು ಈ ನಡುವಿನ ಜಾಗದಲ್ಲಿ. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡುತ್ತಾನೆ. ಕೊನೆಗೆ ತಲೆ ಬೋಳಿಸಿದ ಯಮುನಕ್ಕ ಮರದಡಿ ಒಬ್ಬಳೇ ಕೂತಿದ್ದಾಳೆ. ತನ್ನ ಅಪ್ಪನ ಜೊತೆ ಊರು ಬಿಟ್ಟು ಹೊರಟ ನಾಣಿ ಅವಳನ್ನು ನೋಡುತ್ತಾನೆ. ಇದಕ್ಕಿಂತ ಕಠೋರವಾದ ಮುಕ್ತಾಯವನ್ನು ಕನ್ನಡದಲ್ಲಿ ನಾನು ಕಂಡಿಲ್ಲ. ಈ ಚಿತ್ರವನ್ನು ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅವಕಾಶ ಸಿಕ್ಕರೆ ಆ ಪ್ರತಿಯನ್ನೇ ನೋಡಿ.

ಗದ್ದಲದ ಚಿತ್ರಗಳಿಗೆ ಈ ಮಾತು ಸಲ್ಲದು ಎಂದುಕೊಳ್ಳಬೇಡಿ. ‘ಕಾಂತಾರ’ದ ನಡುಭಾಗದ ಪ್ರೇಮದ ದೃಶ್ಯಗಳು ನನಗೆ ಹಿಡಿಸಲಿಲ್ಲ. ಆದರೆ ಕೊನೆಯಲ್ಲಿ, ಅಷ್ಟೊಂದು ಹೊಡೆದಾಟ ಕೂಗಾಟ ಎಲ್ಲ ಮುಗಿದ ಮೇಲೆ, ದೈವ ಊರವರ ಕೈಗಳನ್ನೂ ಅರಣ್ಯಾಧಿಕಾರಿಯ ಕೈಯನ್ನೂ ಸೇರಿಸಿ ಎದೆಗೊತ್ತಿಕೊಳ್ಳುತ್ತದಲ್ಲ, ಅಲ್ಲಿ ನನ್ನ ಕಣ್ಣು ತುಂಬಿತು. ಆ ಆರ್ಭಟವೆಲ್ಲ ಈ ಮೌನಕ್ಕಾಗಿಯೇ ಇತ್ತೇನೋ ಎನ್ನಿಸಿತು.

ಇಷ್ಟವಾದ ಚಿತ್ರವನ್ನು ಎರಡನೇ ಸಲ ನೋಡಿ. ಮೊದಲ ಸಲ ಕಣ್ಣು ಸಬ್‌ಟೈಟಲ್ ಓದುವುದರಲ್ಲೇ ಕಳೆದುಹೋಗುತ್ತದೆ; ಎರಡನೇ ಸಲ ಮುಖಗಳು ಸಿಗುತ್ತವೆ.

‘ಟೋಕಿಯೋ ಸ್ಟೋರಿ’ಯ ಕೊನೆಯಲ್ಲಿ ಅಜ್ಜ ಮನೆಯಲ್ಲಿ ಒಬ್ಬನೇ ಕೂತಿದ್ದಾನೆ. ನೆರೆಮನೆಯಾಕೆ ಕಿಟಕಿಯಲ್ಲಿ ಇಣುಕಿ ಎರಡು ಮಾತಾಡಿ ಹೋಗುತ್ತಾಳೆ. ಚಿತ್ರ ಮುಗಿಯಿತು. ಹುಡುಗಿ ಏನೂ ಹೇಳದೆ ರಿಮೋಟ್ ತೆಗೆದುಕೊಂಡು ಮತ್ತೆ ಮೊದಲಿಗೆ ಹೋದಳು. ಅದೇ ಮನೆ, ಅದೇ ಕಿಟಕಿ, ಅದೇ ನೆರೆಯಾಕೆ. ಒಳಗೆ ಇಬ್ಬರು ಕೂತು ಪ್ರಯಾಣಕ್ಕೆ ಚೀಲ ತುಂಬುತ್ತಿದ್ದಾರೆ, ಗಾಳಿದಿಂಬು ಯಾರ ಹತ್ತಿರ ಇದೆ ಎಂದು ಹುಡುಕುತ್ತಿದ್ದಾರೆ.